ಅಂದಾಜಿನ ಕೆಳಗೆ ನಾಲ್ಕು ಸಾಲು ಬರೆಯಿರಿ: ಕಾಸರಗೋಡು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜನಗಣತಿ ನಿರ್ದೇಶನಾಲಯದ ಅಧಿಕಾರಿಗಳಿಗೆ, ಜಿಲ್ಲೆಯ 38 ಗ್ರಾಮ ಪಂಚಾಯತ್‌ಗಳ ಮತ್ತು 3 ನಗರಸಭೆಗಳ ಅಧ್ಯಕ್ಷರಿಗೆ ಹಾಗೂ ಸದಸ್ಯರಿಗೆ,

ನಮಸ್ಕಾರ.

ಈ ಜಿಲ್ಲೆಯ ಜನಗಣತಿಯ ತಲೆ ಎಣಿಕೆ ಕೊನೆಯ ಬಾರಿ ನಡೆದು ಪ್ರಕಟವಾದದ್ದು 2011ರದು. ಆಮೇಲೆ ಬಂದ ಯೋಜನಾ ವರದಿ, ಕುಡಿಯುವ ನೀರಿನ ಅಂದಾಜು ಪಟ್ಟಿ, ಆರೋಗ್ಯ ಕೇಂದ್ರದ ಬೇಡಿಕೆ, ಭಾಷಾ ಅಲ್ಪಸಂಖ್ಯಾತರ ಕಡತ ಇವುಗಳಲ್ಲಿ ‘ಪ್ರಸ್ತುತ ಜನಸಂಖ್ಯೆ’ ಎಂದು ಕಾಣುವುದೆಲ್ಲ ಅಂದಾಜು. ಅಂದಾಜು ಮಾಡಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಎಣಿಕೆ ಇಲ್ಲದ ವರ್ಷಗಳಲ್ಲಿ ಬೇರೆ ದಾರಿಯೂ ಇಲ್ಲ. ಆದರೆ ಅದೇ ಅಂದಾಜನ್ನು ಏಕಸ್ಥಾನದವರೆಗೆ ಬಿಡಿಸಿ ಬರೆದು, ಎಲ್ಲಿಂದ ಬಂತೆಂದು ಹೇಳದೆ, ಕನ್ನಡ ಬಲ್ಲ ಸಿಬ್ಬಂದಿ ಎಷ್ಟು ಬೇಕು, ನೀರು ಎಷ್ಟು ಬೇಕು ಎಂಬ ತೀರ್ಮಾನಗಳನ್ನು ಅದರ ಮೇಲೆ ಕಟ್ಟಿದಾಗ ತೊಂದರೆ ಶುರುವಾಗುತ್ತದೆ. ಆ ತೊಂದರೆ ಎಲ್ಲಿ ಹುಟ್ಟುತ್ತದೆ, ಎಷ್ಟರಮಟ್ಟಿಗೆ ಸರಿಪಡಿಸಬಹುದು ಎಂಬುದನ್ನು ಲೆಕ್ಕಸಹಿತ ತಮ್ಮ ಮುಂದಿಡುತ್ತಿದ್ದೇವೆ.

ಮೊದಲು ಸುಲಭದ ಲೆಕ್ಕ. ಜಿಲ್ಲೆಯ ಜನಸಂಖ್ಯೆ 1991ರಲ್ಲಿ 10,71,508, 2001ರಲ್ಲಿ 12,04,078, 2011ರಲ್ಲಿ 13,07,375. ಕೊನೆಯ ಹತ್ತು ವರ್ಷದಲ್ಲಿ ಹೆಚ್ಚಿದ್ದು 1,03,297, ಅಂದರೆ ವರ್ಷಕ್ಕೆ ಸರಾಸರಿ 10,330. ಇದನ್ನೇ ಹದಿನೈದು ವರ್ಷ ಕೂಡಿಸುತ್ತ ಹೋದರೆ 2026ರ ಮಾರ್ಚ್‌ಗೆ 14,62,321 ಆಗುತ್ತದೆ. ಕೂಡಿಸುವ ಬದಲು ಬೆಳವಣಿಗೆಯ ದರವನ್ನು ಚಕ್ರಬಡ್ಡಿಯಂತೆ ಹಾಕಿದರೆ 14,79,171. ಎರಡೂ ಲೆಕ್ಕಗಳಲ್ಲಿ ಗಣಿತದ ತಪ್ಪಿಲ್ಲ, ಆದರೂ ಸುಮಾರು 17,000 ಜನರ ಅಂತರ ಬಂತು. ಇನ್ನೂ ಒಂದು ಮಾತಿದೆ. ದಶಕದ ಬೆಳವಣಿಗೆ ಶೇಕಡಾ 12.4ರಿಂದ 8.6ಕ್ಕೆ ಇಳಿದಿತ್ತು. ಮತ್ತೊಮ್ಮೆ ಅಷ್ಟೇ 3.8 ಅಂಕ ಇಳಿದು 4.8ಕ್ಕೆ ಬಂದಿದೆ ಎಂದು ಹಿಡಿದರೆ 2026ರ ಸಂಖ್ಯೆ 14,02,600ರ ಹತ್ತಿರ ನಿಲ್ಲುತ್ತದೆ. ಕೆಳಗಿನ ಅಂದಾಜಿಗೂ ಮೇಲಿನ ಅಂದಾಜಿಗೂ ಸುಮಾರು 76,500 ಜನರ ವ್ಯತ್ಯಾಸ. ಜಿಲ್ಲೆಯ ಒಂದು ಸ್ಥಳೀಯ ಸಂಸ್ಥೆಗೆ 2011ರಲ್ಲಿ ಸರಾಸರಿ 32,000 ಜನ ಬರುತ್ತಿದ್ದರು. ಎಂದರೆ ಸೂತ್ರದ ಆಯ್ಕೆಯೊಂದರಿಂದಲೇ ಎರಡು ಪಂಚಾಯತ್‌ಗಳಿಗೂ ಮಿಕ್ಕಿದ ಜನ ಕಾಗದದ ಮೇಲೆ ಹುಟ್ಟಬಹುದು, ಇಲ್ಲವಾಗಬಹುದು.

ನಮ್ಮ ತಿಳಿವಳಿಕೆಯಲ್ಲಿ ಕೆಳಗಿನ ಅಂದಾಜೇ ನಿಜಕ್ಕೆ ಹತ್ತಿರ. ಕೇರಳದಲ್ಲಿ ಹೆರಿಗೆ ಕಡಿಮೆಯಾಗಿ ಬಹುಕಾಲವಾಯಿತು. 2001ರಿಂದ 2011ರ ನಡುವೆ ಇಡೀ ರಾಜ್ಯ ಬೆಳೆದದ್ದು ಶೇಕಡಾ 4.9 ಮಾತ್ರ. ಹಳೆಯ ದರವನ್ನೇ ಮುಂದಕ್ಕೆ ಎಳೆಯುವ ಯಾವ ಸೂತ್ರವೂ ಇಲ್ಲಿ ಜನರನ್ನು ಹೆಚ್ಚಾಗಿಯೇ ತೋರಿಸುತ್ತದೆ.

ಜಿಲ್ಲೆಯಿಂದ ಪಂಚಾಯತ್‌ಗೆ ಇಳಿದಾಗ ಕಷ್ಟ ಹೆಚ್ಚುತ್ತದೆ. ದೇಶ ಮತ್ತು ರಾಜ್ಯಗಳ ಮುನ್ನಂದಾಜನ್ನು ತಜ್ಞರ ಸಮಿತಿ ವಯಸ್ಸಿನ ಗುಂಪು, ಹೆರಿಗೆ, ಮರಣ, ವಲಸೆ ಎಲ್ಲವನ್ನೂ ಬೇರೆಬೇರೆ ಹಿಡಿದು ಮಾಡುತ್ತದೆ. 2020ರಲ್ಲಿ ಬಂದ ಅಂಥ ವರದಿ 2036ರವರೆಗಿನ ಅಂಕಿಗಳನ್ನು ಕೊಟ್ಟಿದೆ, ಆದರೆ ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. ಅದರ ಕೆಳಗೆ ಸಾಮಾನ್ಯವಾಗಿ ಬಳಕೆಯಾಗುವುದು ಪಾಲಿನ ವಿಧಾನ: 2011ರಲ್ಲಿ ಜಿಲ್ಲೆಯ ನೂರು ಜನರಲ್ಲಿ ಈ ಪಂಚಾಯತ್‌ಗೆ ಎಷ್ಟು ಜನವೋ ಈಗಲೂ ಅಷ್ಟೇ ಎಂದು ಹಂಚುವುದು. ಮಂಗಲ್ಪಾಡಿ, ಕುಂಬಳೆಯಂಥ ಕರಾವಳಿಯ ಹೆದ್ದಾರಿ ಬದಿಯ ಊರುಗಳೂ ಬೆಳ್ಳೂರು, ದೇಲಂಪಾಡಿಯಂಥ ಒಳನಾಡಿನ ಗುಡ್ಡದ ಊರುಗಳೂ ಒಂದೇ ವೇಗದಲ್ಲಿ ಬೆಳೆಯುತ್ತವೆ ಎಂಬ ನಂಬಿಕೆ ಇದರ ತಳದಲ್ಲಿದೆ. ಈ ಎರಡೂ ಕಡೆ ಬಲ್ಲವರು ಇದನ್ನು ಒಪ್ಪುವುದು ಕಷ್ಟ. ಮೇಲಾಗಿ ಜನಗಣತಿ ಎಣಿಸುವುದು ಕಂದಾಯ ಗ್ರಾಮದ ಲೆಕ್ಕದಲ್ಲಿ, ಆಡಳಿತ ನಡೆಯುವುದು ಪಂಚಾಯತ್ ಲೆಕ್ಕದಲ್ಲಿ. 2025ರ ಸ್ಥಳೀಯ ಚುನಾವಣೆಗೆ ಮುನ್ನ ವಾರ್ಡುಗಳ ಗಡಿ ಬದಲಾಯಿತು, ಸಂಖ್ಯೆಯೂ ಹೆಚ್ಚಿತು. 2011ರ ವಾರ್ಡ್ ಅಂಕಿಯನ್ನು ಇವತ್ತಿನ ಅದೇ ನಂಬರಿನ ವಾರ್ಡಿಗೆ ಹಚ್ಚಿದರೆ ಬೇರೆಯೇ ಮನೆಗಳ ಲೆಕ್ಕವನ್ನು ಇಲ್ಲಿಗೆ ತಂದಂತಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಜನನ ಮರಣಗಳ ಲೆಕ್ಕ. ಗಣತಿಯ ಸಂಖ್ಯೆಗೆ ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆದು, ಬಂದವರನ್ನು ಸೇರಿಸಿ, ಹೋದವರನ್ನು ಬಿಡುವುದು. ಕೇಳುವುದಕ್ಕೆ ಸರಳ. ಆದರೆ ಗಡಿಯಲ್ಲಿ ಈ ಲೆಕ್ಕ ಹೇಗೆ ಮುರಿಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬೇರೆ ಜಿಲ್ಲೆಯವರಿಗೆ ಇದು ಇಷ್ಟು ತೀವ್ರವಾಗಿ ತಟ್ಟುವುದಿಲ್ಲ.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಘಟನೆ ಎಲ್ಲಿ ನಡೆಯಿತೋ ಅಲ್ಲಿಯೇ ನೋಂದಣಿ. ಗಡಿಗೆ ತಾಗಿದ ನಮ್ಮ ವರ್ಕಾಡಿ ಪಂಚಾಯತ್‌ನ ಗರ್ಭಿಣಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಇರುವುದು ಕರ್ನಾಟಕದ ದೇರಳಕಟ್ಟೆಯಲ್ಲಿ, ಮಂಗಳೂರಿನಲ್ಲಿ. ಮೀಂಜ, ಪೈವಳಿಕೆ, ಮಂಜೇಶ್ವರದವರಿಗೂ ಹಾಗೆಯೇ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ರಾಜ್ಯದ ಗಡಿಯಲ್ಲಿರುವ ತಲಪಾಡಿಯ ದಾರಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂದು ಎರಡೂ ರಾಜ್ಯಗಳು ಕಂಡವು. ಅಲ್ಲಿ ಹುಟ್ಟಿದ ಮಗು ಆ ಊರಿನ ನೋಂದಣಿ ಪುಸ್ತಕದಲ್ಲಿ, ಅಂದರೆ ಕರ್ನಾಟಕದ ಲೆಕ್ಕದಲ್ಲಿ ಸೇರುತ್ತದೆ. ಹತ್ತು ದಿನ ಕಳೆದು ವರ್ಕಾಡಿಯ ಮನೆಗೆ ಬಂದ ಮಗು ವರ್ಕಾಡಿಯ ಜನನ ಪುಸ್ತಕದಲ್ಲಿ ಇರುವುದೇ ಇಲ್ಲ. ಅದೇ ಆಸ್ಪತ್ರೆಯಲ್ಲಿ ತೀರಿಕೊಂಡ ಹಿರಿಯರ ಮರಣವೂ ಅಲ್ಲಿಯೇ ದಾಖಲು. ಆದರೆ ಮನೆಯಲ್ಲೇ ಕೊನೆಯುಸಿರೆಳೆದವರ ಮರಣ ಊರಿನ ಪಂಚಾಯತ್‌ನಲ್ಲಿ ದಾಖಲಾಗುತ್ತದೆ. ಹೆರಿಗೆ ಬಹುತೇಕ ಆಸ್ಪತ್ರೆಯಲ್ಲೇ ಆಗುತ್ತದೆ, ಸಾವು ಮನೆಯಲ್ಲೂ ಆಗುತ್ತದೆ. ಹೀಗಾಗಿ ಪಂಚಾಯತ್ ಪುಸ್ತಕ ಹಿಡಿದು ಕೂತರೆ ಸಾವು ಹೆಚ್ಚು, ಹುಟ್ಟು ಕಡಿಮೆ ಕಾಣುತ್ತದೆ. ಊರು ಬರಿದಾಗುತ್ತಿದೆ ಎಂಬ ಸುಳ್ಳು ಚಿತ್ರ ಸಿಗುತ್ತದೆ. ‘ಮಕ್ಕಳೇ ಹುಟ್ಟುತ್ತಿಲ್ಲ, ಶಾಲೆಗೆ ಯಾರು ಬರುತ್ತಾರೆ’ ಎಂಬ ಮಾತಿಗೆ ಇದೇ ಪುಸ್ತಕ ಸಾಕ್ಷಿಯಾದರೆ ಅದು ಅನ್ಯಾಯ.

ಇದಕ್ಕೆ ಮದ್ದು ನೋಂದಣಿ ಅರ್ಜಿಯಲ್ಲೇ ಇದೆ. ಜನನ ವರದಿಯ ನಮೂನೆಯಲ್ಲಿ ಎರಡು ಭಾಗಗಳು. ಕಾನೂನು ಭಾಗದಿಂದ ಪ್ರಮಾಣಪತ್ರ ತಯಾರಾಗುತ್ತದೆ. ಅಂಕಿಅಂಶದ ಭಾಗದಲ್ಲಿ ತಾಯಿ ವಾಸಿಸುವ ಊರು, ಜಿಲ್ಲೆ, ರಾಜ್ಯ ಬರೆಯುವ ಜಾಗ ಇದೆ. ಅದನ್ನು ಸರಿಯಾಗಿ ತುಂಬಿದರೆ ಮಗುವನ್ನು ವಾಸದ ಊರಿಗೆ ಮರಳಿ ಸೇರಿಸಿ ಲೆಕ್ಕ ಹಾಕಬಹುದು. ಆದರೆ ಪ್ರಮಾಣಪತ್ರಕ್ಕೆ ಬೇಡದ ಭಾಗವಾದ್ದರಿಂದ ತುಂಬುವವರಿಗೂ ತುಂಬಿಸಿಕೊಳ್ಳುವವರಿಗೂ ಅದರ ಮೇಲೆ ಗಮನ ಕಡಿಮೆ. ಅಲ್ಲಿ ತವರಿನ ವಿಳಾಸ ಬಿದ್ದರೂ, ಆಸ್ಪತ್ರೆಯ ಹತ್ತಿರ ತಂಗಿದ್ದ ನೆಂಟರ ಮನೆಯ ವಿಳಾಸ ಬಿದ್ದರೂ ಮಗು ಬೇರೆ ಊರಿನ ಲೆಕ್ಕಕ್ಕೆ ಹೋಯಿತು. ಆಸ್ಪತ್ರೆಯಲ್ಲಿ ಅರ್ಜಿ ತುಂಬುವಾಗ ‘ಊರು ಯಾವುದು’ ಎಂದು ಕೇಳಿದರೆ ಸಾಲದು, ‘ಹೆರಿಗೆಗೆ ಮುಂಚೆ ಖಾಯಂ ಇದ್ದದ್ದು ಎಲ್ಲಿ, ಯಾವ ಪಂಚಾಯತ್’ ಎಂದೇ ಕೇಳಬೇಕು.

ಪರೀಕ್ಷೆಗೆ ಇನ್ನೊಂದು ಪುಸ್ತಕವೂ ನಮ್ಮ ಕೈಯಳತೆಯಲ್ಲಿದೆ: ಆರೋಗ್ಯ ಉಪಕೇಂದ್ರದ ಚುಚ್ಚುಮದ್ದು ದಾಖಲೆ. ಮಗು ಎಲ್ಲಿ ಹುಟ್ಟಿದರೂ ಆರು ವಾರ, ಹತ್ತು ವಾರ, ಹದಿನಾಲ್ಕು ವಾರದ ಲಸಿಕೆಗೆ, ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆಗೆ ಬಹುಪಾಲು ಮನೆಯ ಹತ್ತಿರದ ಕೇಂದ್ರಕ್ಕೇ ಬರುತ್ತದೆ. ಒಂದು ವರ್ಷದಲ್ಲಿ ಒಂಬತ್ತು ತಿಂಗಳ ಲಸಿಕೆ ಪಡೆದ ಮಕ್ಕಳ ಸಂಖ್ಯೆಯನ್ನು ಅದರ ಹಿಂದಿನ ವರ್ಷದ ಜನನ ನೋಂದಣಿಯ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಮಕ್ಕಳು ಪುಸ್ತಕದ ಹೊರಗೆ ಉಳಿದರೆಂದು ಗೊತ್ತಾಗುತ್ತದೆ. ಖಾಸಗಿ ಆಸ್ಪತ್ರೆಯಲ್ಲೇ ಲಸಿಕೆ ಹಾಕಿಸಿಕೊಳ್ಳುವವರು ಇದರಲ್ಲೂ ತಪ್ಪಿಹೋಗುತ್ತಾರೆ. ಅವರನ್ನು ಬಲ್ಲವರು ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿ ಶಿಕ್ಷಕಿಯರು. ಮೂರೂ ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ಕೂತರೆ ಒಂದು ಪಂಚಾಯತ್‌ಗೆ ಎರಡು ದಿನದ ಕೆಲಸವಾದೀತು.

ವಲಸೆಯ ಲೆಕ್ಕವನ್ನು ಯಾವ ಪುಸ್ತಕವೂ ಕೊಡುವುದಿಲ್ಲ. ಗಲ್ಫ್‌ಗೆ ಹೋದವರ ವಿಷಯದಲ್ಲಿ ಗಣತಿಯ ನಿಯಮ ತಿಳಿದಿರಬೇಕು. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗಿನ ಅಷ್ಟೂ ದಿನ ಮನೆಯಿಂದ ಹೊರಗಿದ್ದವರನ್ನು ಆ ಮನೆಯಲ್ಲಿ ಎಣಿಸಿಲ್ಲ. ಜಿಲ್ಲೆಯಲ್ಲಿ 1,000 ಗಂಡಸರಿಗೆ 1,080 ಹೆಂಗಸರು ಎಂದು ಬಂದದ್ದರ ಹಿಂದೆ ಈ ಗೈರುಹಾಜರಿಯ ಪಾಲೂ ಇದೆ. ರೇಶನ್ ಕಾರ್ಡಿನಲ್ಲಿ ಆರು ಹೆಸರಿದ್ದು ಗಣತಿಯಲ್ಲಿ ನಾಲ್ಕು ಬಂದಿದ್ದರೆ ಗಣತಿದಾರ ತಪ್ಪಿದ್ದಾನೆ ಎಂದು ಅರ್ಥವಲ್ಲ. ಎರಡು ಪಟ್ಟಿಗಳು ಕೇಳುವ ಪ್ರಶ್ನೆಗಳೇ ಬೇರೆ. ಇತ್ತ ಕೆಂಪುಕಲ್ಲಿನ ಕೋರೆ, ಕಟ್ಟಡ, ಹೋಟೆಲುಗಳಿಗೆ ಹೊರರಾಜ್ಯಗಳಿಂದ ಬಂದು ಸಾಲುಕೋಣೆಗಳಲ್ಲಿ ಇರುವ ಕಾರ್ಮಿಕರು ಗಣತಿಯಲ್ಲಿ ಸೇರಬೇಕು, ಆದರೆ ಇಲ್ಲಿಯ ರೇಶನ್ ಪಟ್ಟಿಯಲ್ಲೂ ಮತದಾರರ ಪಟ್ಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಮತದಾರರ ಪಟ್ಟಿಯಿಂದ ಜನಸಂಖ್ಯೆ ಊಹಿಸುವವರು 18ರ ಕೆಳಗಿನವರ ಪಾಲನ್ನು ಎಲ್ಲಿಂದ ತಂದರೆಂದು ಹೇಳಬೇಕು. ಆ ಪಾಲೂ 2011ರದೇ ಆಗಿದ್ದರೆ ಮಕ್ಕಳು ಕಡಿಮೆಯಾಗುತ್ತಿರುವ ಊರಿನಲ್ಲಿ ಸಂಖ್ಯೆ ಉಬ್ಬುತ್ತದೆ. ಆಧಾರ್ ಒಟ್ಟು ಸಂಖ್ಯೆಯನ್ನು ಜನಸಂಖ್ಯೆಯೆಂದು ಬಳಸಲೇಬೇಡಿ. ಸತ್ತವರ ಹೆಸರು ಅದರಿಂದ ಸಕಾಲಕ್ಕೆ ಹೋಗುವುದಿಲ್ಲ.

ಮನೆ ಲೆಕ್ಕದ ವಿಧಾನ ವಾರ್ಡಿನ ಮಟ್ಟಕ್ಕೆ ಹೆಚ್ಚು ಹೊಂದುತ್ತದೆ. ಮನೆಗಳ ಸಂಖ್ಯೆ, ಅದರಲ್ಲಿ ಜನ ಇರುವ ಮನೆಗಳ ಪಾಲು, ಮನೆಗೆ ಸರಾಸರಿ ಎಷ್ಟು ಜನ, ಈ ಮೂರನ್ನು ಗುಣಿಸುವುದು. ತಪ್ಪೆಲ್ಲ ಎರಡನೆಯ ಮತ್ತು ಮೂರನೆಯ ಅಂಕಿಯಲ್ಲಿ ಅಡಗಿರುತ್ತದೆ. ಲೆಕ್ಕಕ್ಕಾಗಿ 8,000 ವಾಸದ ಮನೆಗಳ ಒಂದು ಪಂಚಾಯತ್ ಇಟ್ಟುಕೊಳ್ಳೋಣ. ನೂರರಲ್ಲಿ 7 ಮನೆಗಳಿಗೆ ಬೀಗ, ಮನೆಗೆ 4.6 ಜನ ಎಂದರೆ 34,224. ಬೀಗ ಹಾಕಿದ್ದು ನೂರರಲ್ಲಿ 12, ಮನೆಗೆ 4.2 ಜನ ಎಂದರೆ 29,568. ಹೊರಗಿನಿಂದ ನೋಡಿದರೆ ಎರಡೂ ನಂಬುವಂಥವೇ, ಆದರೆ ನಡುವೆ 4,656 ಜನರ ವ್ಯತ್ಯಾಸ. ತಲೆಗೆ ದಿನಕ್ಕೆ 55 ಲೀಟರಿನಂತೆ ನೀರಿನ ಯೋಜನೆ ಮಾಡಿದರೆ ಇದು ದಿನಕ್ಕೆ ಎರಡೂವರೆ ಲಕ್ಷ ಲೀಟರಿಗೂ ಮೇಲೆ.

ಕೇರಳದಲ್ಲಿ 2011ರಲ್ಲೇ ಹತ್ತರಲ್ಲಿ ಒಂದರಷ್ಟು ಕಟ್ಟಡ ಖಾಲಿ ಇತ್ತು. ಪಂಚಾಯತ್‌ನ ಕಟ್ಟಡ ತೆರಿಗೆ ಪುಸ್ತಕದಲ್ಲಿ ಬೀಗದ ಮನೆಗೂ ಜನರಿರುವ ಮನೆಗೂ ಒಂದೇ ಥರದ ನಂಬರು. ಒಂದೇ ನಂಬರಿನ ಸಾಲುಕೋಣೆಯಲ್ಲಿ ಹದಿನೈದು ಜನರಿದ್ದರೂ ಅಲ್ಲಿ ಅದು ಒಂದೇ. ಆದ್ದರಿಂದ ಈ ಪುಸ್ತಕವೊಂದನ್ನೇ ನಂಬಬಾರದು. ತಿಂಗಳು ತಿಂಗಳು ಮನೆಬಾಗಿಲಿಗೆ ಪ್ಲಾಸ್ಟಿಕ್ ಸಂಗ್ರಹಿಸಲು ಹೋಗುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಯಾವ ಗೇಟಿಗೆ ವರ್ಷವಿಡೀ ಬೀಗ ಎಂಬುದು ಯಾವ ಕಡತಕ್ಕಿಂತ ಚೆನ್ನಾಗಿ ಗೊತ್ತು. ವಿದ್ಯುತ್ ಬಿಲ್ಲಿನಲ್ಲಿ ಸತತವಾಗಿ ಬಳಕೆಯೇ ಕಾಣದ ಮೀಟರುಗಳ ಸಂಖ್ಯೆ, ಹೆಸರು ವಿಳಾಸ ಬೇಡ, ವಾರ್ಡಿನ ಮೊತ್ತ ಸಾಕು, ಇನ್ನೊಂದು ಪರೀಕ್ಷೆ. ಮನೆಗೆ ಎಷ್ಟು ಜನ ಎಂಬುದಕ್ಕೆ ಪ್ರತಿ ವಾರ್ಡಿನಲ್ಲಿ ಪಟ್ಟಿಯಿಂದ ಸಮಾನ ಅಂತರದಲ್ಲಿ ಆರಿಸಿದ 40 ಮನೆಗಳಿಗೆ ಹೋಗಿ ‘ಕಳೆದ ಆರು ತಿಂಗಳಲ್ಲಿ ಹೆಚ್ಚು ದಿನ ಇಲ್ಲಿ ಮಲಗಿದವರು ಎಷ್ಟು ಜನ’ ಎಂದು ಕೇಳಬೇಕು. ಅನುಕೂಲಕ್ಕೆಂದು ರಸ್ತೆ ಬದಿಯ ಮನೆಗಳನ್ನೇ ಆರಿಸಿಕೊಂಡರೆ ಗುಡ್ಡದ ಮೇಲಿನ ಕಾಲನಿಗಳು ತಪ್ಪಿಹೋಗಿ ಸರಾಸರಿ ಕೆಡುತ್ತದೆ.

ಜಾಗ ಸಣ್ಣದಾದಷ್ಟೂ ಛೇದದ, ಅಂದರೆ ಭಾಗಿಸಲು ಬಳಸುವ ಜನಸಂಖ್ಯೆಯ, ತಪ್ಪು ದೊಡ್ಡದಾಗಿ ಕಾಣುತ್ತದೆ. ಎಣ್ಮಕಜೆಯಂಥ, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತ್‌ನ ಒಂದು ವಾರ್ಡಿನಲ್ಲಿ ಒಂದು ಕಾಯಿಲೆಯ 12 ಜನರಿದ್ದಾರೆ ಎಂದಿಟ್ಟುಕೊಳ್ಳಿ. ವಾರ್ಡಿನ ಜನಸಂಖ್ಯೆ 1,200 ಎಂದು ಹಿಡಿದರೆ ಸಾವಿರಕ್ಕೆ 10, 1,500 ಎಂದು ಹಿಡಿದರೆ ಸಾವಿರಕ್ಕೆ 8. ಇರುವ ರೋಗಿಗಳು ಅಷ್ಟೇ, ಅವರ ನೋವೂ ಅಷ್ಟೇ. ಕಾಗದದ ಮೇಲೆ ಮಾತ್ರ ಸಮಸ್ಯೆ ಐದನೇ ಒಂದು ಭಾಗ ಕರಗಿತು.

ಇನ್ನು ಭಾಷೆಯ ಸಂಖ್ಯೆ. ಇದರಲ್ಲಿ ಅತಿ ಹೆಚ್ಚು ಎಚ್ಚರ ಬೇಕು.

ಗಣತಿಯ ಹಳ್ಳಿ ಮತ್ತು ವಾರ್ಡ್ ಮಟ್ಟದ ಸಾರಾಂಶದಲ್ಲಿ ಒಟ್ಟು ಜನ, ಮಕ್ಕಳು, ಸಾಕ್ಷರರು, ಪರಿಶಿಷ್ಟ ಜಾತಿ ಪಂಗಡ, ದುಡಿಯುವವರು ಇಷ್ಟು ಸಿಗುತ್ತದೆ, ಮಾತೃಭಾಷೆ ಸಿಗುವುದಿಲ್ಲ. ಅದರ ಕೋಷ್ಟಕ ಮುಖ್ಯವಾಗಿ ಜಿಲ್ಲೆ, ತಾಲೂಕುಗಳ ಹಂತದ್ದು. 2011ರಲ್ಲಿ ಈ ಜಿಲ್ಲೆಯಲ್ಲಿ ಇದ್ದದ್ದು ಕಾಸರಗೋಡು, ಹೊಸದುರ್ಗ ಎಂಬ ಎರಡೇ ತಾಲೂಕು. ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ. ಹಾಗಿರುವಾಗ ‘2011ರ ಗಣತಿಯಂತೆ ಮಂಜೇಶ್ವರ ತಾಲೂಕಿನ ಕನ್ನಡಿಗರು ಇಷ್ಟು’ ಎಂಬ ವಾಕ್ಯ ಯಾವ ಕಡತದಲ್ಲಿ ಕಂಡರೂ, ಅದು ಯಾರದೋ ಅಂದಾಜು. ‘ಈ ಪಂಚಾಯತ್‌ನಲ್ಲಿ ಶೇಕಡಾ ಇಷ್ಟು’ ಎಂಬುದೂ ಹಾಗೆಯೇ. ಕನ್ನಡಿಗರನ್ನು ಹೆಚ್ಚು ತೋರಿಸುವ ಅಂಕಿಗೂ ಕಡಿಮೆ ತೋರಿಸುವ ಅಂಕಿಗೂ ಈ ಮಾತು ಸಮಾನವಾಗಿ ಅನ್ವಯ.

ಗಣತಿಯ ದೃಷ್ಟಿಯಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. ಕಲಿತ ಭಾಷೆ ಬೇರೆ, ಅರ್ಜಿ ಬರೆಯುವ ಭಾಷೆ ಬೇರೆ. ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವವರಿಗೆ ಲೆಕ್ಕವಿಲ್ಲ. ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನವರಲ್ಲೂ ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲೇ ಅರ್ಜಿ ಕೊಡುವವರಿದ್ದಾರೆ. ಕನ್ನಡದಲ್ಲಿ ಸೇವೆ ಬೇಕಾದವರು ಎಷ್ಟು ಎಂಬ ಪ್ರಶ್ನೆಗೆ ‘ಮಾತೃಭಾಷೆ ಕನ್ನಡ’ ಎಂಬ ಒಂದೇ ಅಂಕಣದಿಂದ ಉತ್ತರ ತೆಗೆದರೆ ಇವರೆಲ್ಲ ಬಿಟ್ಟುಹೋಗುತ್ತಾರೆ. 2011ರ ನಮೂನೆಯಲ್ಲಿ 10ನೇ ಪ್ರಶ್ನೆ ಮಾತೃಭಾಷೆ, 11ನೇ ಪ್ರಶ್ನೆ ತಿಳಿದಿರುವ ಬೇರೆ ಭಾಷೆಗಳು, ಎರಡರವರೆಗೆ. ಆಡಳಿತದ ಅಗತ್ಯಕ್ಕೆ ಎರಡನ್ನೂ ಸೇರಿಸಿ ಓದಬೇಕು.

ಜನ ಹೇಳಿದ ಹೆಸರು ಹಾಗೆಯೇ ಪ್ರಕಟವಾಗುವುದಿಲ್ಲ ಎಂಬುದೂ ಗೊತ್ತಿರಲಿ. 2011ರಲ್ಲಿ ದೇಶದಾದ್ಯಂತ 19,569 ಹೆಸರುಗಳು ಬಂದಿದ್ದವು. ಪರಿಶೀಲಿಸಿ, ಕಾಗುಣಿತ ಸರಿಪಡಿಸಿ 1,369ಕ್ಕೆ ಇಳಿಸಿದರು, ಕೊನೆಗೆ 10,000 ಮತ್ತು ಮೇಲ್ಪಟ್ಟು ಜನ ಆಡುವ 121 ಭಾಷೆಗಳ ಅಡಿಯಲ್ಲಿ ಜೋಡಿಸಿದರು. ಅಷ್ಟು ಜನರಿಲ್ಲದ ನುಡಿ ಒಂದು ಭಾಷೆಯ ಕೆಳಗಿನ ‘ಇತರೆ’ಯಲ್ಲಿ ಕರಗುತ್ತದೆ. ಹವ್ಯಕ ಎಂದೋ ಇನ್ನೊಂದು ಒಳನುಡಿಯ ಹೆಸರನ್ನೋ ಬರೆಸುವವರು ಇದನ್ನು ತಿಳಿದು ಬರೆಸಲಿ. ಏನು ಬರೆಸಬೇಕೆಂದು ಹೇಳುವ ಹಕ್ಕು ನಮಗಿಲ್ಲ, ಗಣತಿದಾರರಿಗೂ ಇಲ್ಲ.

ಸಂಖ್ಯೆಗೆ ಇಲ್ಲಿ ಇಷ್ಟು ತೂಕ ಬಂದಿರುವುದು ಸುಮ್ಮನೆ ಅಲ್ಲ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15 ಮತ್ತು ಮೇಲ್ಪಟ್ಟು ಇರುವ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿ ಬರಬೇಕೆಂಬ ರಾಷ್ಟ್ರಮಟ್ಟದ ಒಪ್ಪಂದ ಬಹಳ ಹಳೆಯದು. ನಿಜವಾದ ಪಾಲು 16 ಇದ್ದು ಅಂದಾಜು 14 ಎಂದು ಬಂದರೆ, ಎರಡು ಅಂಕದ ತಪ್ಪಿಗೆ ಒಂದು ಊರಿನ ಹಿರಿಯರು ತಮಗೆ ಓದಲು ಬಾರದ ಲಿಪಿಯ ನೋಟೀಸು ಹಿಡಿದು ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದ ಮುಂದೆ ಯಾರಾದರೂ ಓದಿ ಹೇಳಲಿ ಎಂದು ಕಾಯಬೇಕಾಗುತ್ತದೆ. ಹದಿನೈದು ವರ್ಷ ಹಳೆಯ ಅಂಕಿಯಿಂದ ಮಾಡಿದ ಅಂದಾಜಿಗೆ ಎರಡು ಅಂಕದ ನಿಖರತೆ ಇರುವುದಿಲ್ಲ. ಗೆರೆಯ ಆಚೀಚೆ ಇರುವ ಊರುಗಳಲ್ಲಿ ಅನುಮಾನದ ಲಾಭವನ್ನು ಸೇವೆ ಪಡೆಯುವವರಿಗೆ ಕೊಡಬೇಕು. ಪ್ರಾಥಮಿಕ ಶಾಲೆಯ ವಿಷಯದಲ್ಲಿ ಅಂದಾಜಿನ ಗೊಡವೆಯೇ ಬೇಡ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು ತಮ್ಮ ಭಾಷೆಯಲ್ಲಿ ಕಲಿಯಬಯಸಿದರೆ ಶಿಕ್ಷಕರು ಬೇಕು ಎಂಬುದು ಅಂಗೀಕೃತ ಸೂತ್ರ. ಆ ಮಕ್ಕಳು ಹಾಜರಿ ಪುಸ್ತಕದಲ್ಲೇ ಇರುತ್ತಾರೆ.

ಮುಂದಿನ ಗಣತಿಯ ಉಲ್ಲೇಖ ದಿನ, ಅಂದರೆ ಯಾವ ದಿನದ ಜನಸಂಖ್ಯೆಯೆಂದು ಲೆಕ್ಕ ಕೊಡುತ್ತಾರೋ ಆ ದಿನ, 2027ರ ಮಾರ್ಚ್ 1. ಅದಕ್ಕೆ ಮುನ್ನ ಆಗಬೇಕಾದ ಕೆಲಸಗಳಿವೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡ, ತುಳು ಪ್ರದೇಶಗಳಿಗೆ ಆ ಭಾಷೆ ಬಲ್ಲ ಗಣತಿದಾರರನ್ನು ನೇಮಿಸಿ. ಮನೆಯ ಯಜಮಾನರ ಮಾತೃಭಾಷೆ ಕೇಳಿ ಉಳಿದವರಿಗೆಲ್ಲ ‘ಅದೇ’ ಎಂದು ಒತ್ತುವುದು, ಹೆಸರಿನಿಂದ ಧರ್ಮ, ಧರ್ಮದಿಂದ ಭಾಷೆ ಊಹಿಸುವುದು ಈ ಎರಡು ತಪ್ಪುಗಳನ್ನು ತರಬೇತಿಯಲ್ಲೇ ಹೆಸರಿಟ್ಟು ಹೇಳಿ ತಡೆಯಿರಿ. ಮದುವೆಯಾಗಿ ಬಂದ ಸೊಸೆಯ ಮಾತೃಭಾಷೆ ಮನೆಯ ಉಳಿದವರದಕ್ಕಿಂತ ಬೇರೆಯಾಗಿರುವುದು ಗಡಿಯಲ್ಲಿ ದಿನನಿತ್ಯದ ಸಂಗತಿ, ಅವರನ್ನು ಪ್ರತ್ಯೇಕವಾಗಿ ಕೇಳಬೇಕು. ಗಣತಿ ಮುಗಿದ ಮೇಲೆ ಮಾತೃಭಾಷೆಯ ಅಂಕಿಗಳನ್ನು ಕನಿಷ್ಠ ಈ ಜಿಲ್ಲೆಗಾದರೂ ಪಂಚಾಯತ್‌ವಾರು ಪ್ರಕಟಿಸುವಂತೆ ಜಿಲ್ಲಾಡಳಿತವೇ ಗಣತಿ ಕಚೇರಿಯನ್ನು ಕೇಳಲಿ. ದಕ್ಷಿಣ ಕನ್ನಡದ ಆಡಳಿತದೊಂದಿಗೆ ಮಾತಾಡಿ, ಅಲ್ಲಿ ನೋಂದಣಿಯಾಗುವ ಕಾಸರಗೋಡಿನ ತಾಯಂದಿರ ಹೆರಿಗೆಗಳ ಮತ್ತು ಇಲ್ಲಿಯವರ ಮರಣಗಳ ಮೊತ್ತವನ್ನು ಪಂಚಾಯತ್‌ವಾರು, ಹೆಸರಿಲ್ಲದೆ, ವರ್ಷಕ್ಕೊಮ್ಮೆ ಪಡೆಯುವ ವ್ಯವಸ್ಥೆ ಮಾಡಿ.

ಹೊಸ ಗಣತಿಯ ಭಾಷಾ ಕೋಷ್ಟಕಗಳು ಕೈಗೆ ಬರಲು ಸಮಯ ಹಿಡಿಯುತ್ತದೆ. 2011ರವು ಪ್ರಕಟವಾದದ್ದು 2018ರಲ್ಲಿ. ಅಲ್ಲಿಯವರೆಗೆ ಅಂದಾಜುಗಳೇ ಗತಿ. ಆದ್ದರಿಂದ ಇಂದಿನಿಂದಲೇ, ಯಾವುದೇ ಕಚೇರಿಯ ಕಡತದಲ್ಲಿ ಅಂದಾಜು ಜನಸಂಖ್ಯೆ ಬರೆದಲ್ಲಿ ಅದರ ಕೆಳಗೆ ನಾಲ್ಕು ಸಾಲು ಕಡ್ಡಾಯ ಮಾಡಿ: ಯಾವ ದಿನಾಂಕದ ಸಂಖ್ಯೆ, ಯಾವ ಗಣತಿಯ ಯಾವ ಗಡಿಯಿಂದ ಹೊರಟದ್ದು, ಯಾವ ವಿಧಾನ, ಕೆಳಗಿನ ಮತ್ತು ಮೇಲಿನ ಮಿತಿ ಎಷ್ಟು. ಜಿಲ್ಲೆಗೆ ಉದಾಹರಣೆಯಾಗಿ ಹೀಗೆ: ‘2026ರ ಮಾರ್ಚ್ 1ಕ್ಕೆ. 2011ರ ಗಣತಿ, ಇಡೀ ಜಿಲ್ಲೆ. ಇಳಿಯುವ ಬೆಳವಣಿಗೆ ದರ, ಚಕ್ರಬಡ್ಡಿ ದರ ಎರಡರಿಂದಲೂ ಲೆಕ್ಕ ಹಾಕಿದ್ದು. 14.0 ಲಕ್ಷದಿಂದ 14.8 ಲಕ್ಷ.’ ಪಂಚಾಯತ್‌ಗಳ ಸಂಖ್ಯೆಯನ್ನು ನೂರಕ್ಕೆ ಸರಿಹೊಂದಿಸಿ ಬರೆದರೆ ಸಾಕು. ಈ ಆದೇಶದ ಪ್ರತಿ ಮಲಯಾಳದ ಜೊತೆ ಕನ್ನಡದಲ್ಲೂ ಹೊರಡಲಿ.

ಇತಿ ತಮ್ಮ ವಿಶ್ವಾಸಿಗಳು,
ಜನಸಂಖ್ಯೆಯ ಲೆಕ್ಕಾಚಾರ ಬಲ್ಲ ಗಡಿನಾಡ ಕನ್ನಡಿಗರು
ಕಾಸರಗೋಡು